ಅತ್ತೆ ಅತ್ತಿರಲಿಲ್ಲ

ಹುಣಸೆಹಣ್ಣು ಕುಟ್ಟುವ ಕೊಡತಿ ಮೇಲೆದ್ದು ಕೆಳಗಿಳಿಯುವಷ್ಟರಲ್ಲಿ ಒಂದು ಮಾತು ಹೇಳಿ ಮುಗಿಸಬೇಕಿತ್ತು. ಇಲ್ಲದಿದ್ದರೆ ಅದು ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ನಾನು ಕತೆ ಹೇಳುವುದನ್ನು ಕಲಿತದ್ದು ಹಾಗೆ, ನಮ್ಮೂರ ಹುಣಸೆ ಮಂಡಿಯ ತಗಡಿನ ಚಪ್ಪರದಡಿ, ಬೀಜ ಬಿಡಿಸುವ ಹೆಂಗಸರ ನಡುವೆ. ಸೋದರತ್ತೆ ಚೌಡಮ್ಮ ನನ್ನ ಎದುರು ಕೂರುತ್ತಿದ್ದಳು. ನಾನು ನಿಲ್ಲಿಸಿದರೆ ಅವಳ ಕೊಡತಿಯೂ ನಿಲ್ಲುತ್ತಿತ್ತು. "ಆಮೇಲೆ?" ಎನ್ನುತ್ತಿದ್ದಳು.

ಓದಿ ಪಟ್ಟಣ ಸೇರಿದ ಮೇಲೆ ಆ ಹೆಂಗಸರನ್ನೇ ಬರೆದೆ. ಪುಸ್ತಕವಾಯಿತು. ಗಂಡ ಮನೆಯಿಂದ ಹೊರಹಾಕಿದಾಗ ಹೊಸ್ತಿಲ ಮೇಲೆ ಕುಸಿದು ಅಳುವ ಹೆಣ್ಣಿನ ಕತೆಯನ್ನು ಎಲ್ಲರೂ ಹೊಗಳಿದರು. ಊರಿಗೆ ಹೋಗಿ ಒಂದು ಪ್ರತಿಯನ್ನು ಅತ್ತೆಯ ಕೈಗಿಟ್ಟೆ. ಅವಳು ಅಂಟಾದ ಕೈಯನ್ನು ಸೀರೆಗೆ ಒರೆಸಿಕೊಂಡು ರಕ್ಷಾಪುಟವನ್ನು ಸವರಿದಳು.

"ಚೆನ್ನಾಗೈತೆ. ಇದ್ರಲ್ಲೇನೈತೆ ಅಂತ ನಂಗ್ಯಾರವ್ವ ಏಳ್ತಾರೆ?"

ಯಾರ ಬದುಕನ್ನು ಬರೆದಿದ್ದೆನೋ ಅವರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ.

ಕತೆಗಳನ್ನು ಧ್ವನಿಯಲ್ಲಿ ತರುವ ಸ್ಟುಡಿಯೋ ಒಂದಕ್ಕೆ ಹೋದದ್ದು ಆ ಕಾರಣಕ್ಕೆ. ಅದರ ಮುಖ್ಯಸ್ಥ ಪ್ರಹ್ಲಾದ್ ಪುಸ್ತಕವನ್ನು ಮೆಚ್ಚಿದ್ದರು. ಆದರೆ ನಾನು ಒಂದು ಪುಟ ಓದುವಷ್ಟರಲ್ಲಿ ಕೈಯೆತ್ತಿ ತಡೆದರು.

"ಬರವಣಿಗೆ ನಿಮ್ಮದೇ ಇರಲಿ ಮೇಡಂ. ಓದೋದಕ್ಕೆ ಬೇರೆಯವರನ್ನ ಕರೆಸೋಣ. ನಿಮಗೆ ಹಕಾರ ಸರಿಯಾಗಿ ಬರಲ್ಲ."

ಹಾವಿಗೆ 'ಆವು' ಎಂದದ್ದಕ್ಕೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವಳು ನಾನು. ಅಂದು ತಲೆ ತಗ್ಗಿಸಿದ್ದೆ.

"ನನ್ನ ಕತೆಯ ಹೆಂಗಸರಿಗೂ ಬರಲ್ಲ ಸರ್," ಎಂದು ಪುಸ್ತಕವನ್ನು ಎತ್ತಿಕೊಂಡು ಹೊರಬಂದೆ.

ಕೈಯಗಲದ ರೆಕಾರ್ಡರ್ ಒಂದನ್ನು ಎರವಲು ತಂದು ಮಂಡಿಯಲ್ಲೇ ಕೂತೆ. ಕೊಡತಿಗಳು ಏಳುತ್ತ ಬೀಳುತ್ತ ಇದ್ದವು. ಅವುಗಳ ಲಯಕ್ಕೆ ನನ್ನ ಮಾತು ತಾನಾಗಿ ಕೂಡಿಕೊಂಡಿತು. ಹೊಸ್ತಿಲ ಕತೆಯ ಕೊನೆಗೆ ಬಂದಾಗ ಒಂದು ಕೊಡತಿ ನಿಂತಿತು.

"ಅವ್ಳು ನಾನೇ ಅಲ್ವೇನೆ?" ಅತ್ತೆ ಕೇಳಿದಳು.

ನಾನು ಹೌದೆಂದು ತಲೆಯಾಡಿಸಿದೆ.

"ಅಳ್ತಾ ಕೂತ್ಳು ಅಂತ ಯಾರೇಳುದ್ರು ನಿಂಗೆ? ಬಾಗ್ಲಿಗಡ್ಡ ನಿಂತ್ಕಂಡೆ ಕಣೆ ನಾನು. ಈ ಮನೆ ಗ್ವಾಡೆಗೆ ಮಣ್ಣು ಮೆತ್ತಿರೋಳು ನಾನು, ಬೇಕಾದ್ರೆ ನೀನೋಗು ಅಂದೆ. ಅವ್ನೇ ಒಂಟೋದ."

ಗಂಡ ಹೊರಹಾಕಿದ ಎಂದು ಅವರಿವರು ಆಡಿಕೊಂಡದ್ದನ್ನು ನಂಬಿ ಬರೆದಿದ್ದೆ. ಓದಿದವರೆಲ್ಲ ಮರುಗಿದ್ದ ಆ ಕಣ್ಣೀರು ನಾನು ಸೇರಿಸಿದ್ದು. ತಿದ್ದಬಲ್ಲ ಒಬ್ಬಳಿಗೆ ಮಾತ್ರ ಅದು ತಲುಪಿರಲಿಲ್ಲ. ರೆಕಾರ್ಡರ್‌ನಲ್ಲಿದ್ದುದನ್ನು ಅಳಿಸಿ, ಅತ್ತೆಯ ಮಾತನ್ನೇ ಇಟ್ಟು ಮೊದಲಿಂದ ಹೇಳಿದೆ.

ಅದನ್ನು ಒಯ್ದು ಪ್ರಹ್ಲಾದರ ಮೇಜಿನ ಮೇಲಿಟ್ಟೆ. ಪೂರ್ತಿ ಕೇಳಿದರು.

"ದನಿ ಹೀಗೇ ಇರಲಿ, ಒಪ್ಪಿದೆ. ಆದರೆ ಆ ಅಳು ವಾಪಸ್ ಬರಲಿ. ಜನಕ್ಕೆ ಇಷ್ಟವಾಗಿದ್ದೇ ಅದು."

"ಅವಳು ಅಳಲಿಲ್ಲ ಸರ್."

"ಹಾಗಾದರೆ ನಮಗೆ ಬೇಡ."

"ಬೇಡ ಬಿಡಿ," ಎಂದೆ.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಎರಡೇ ಕೋಣೆಯ ಇನ್ನೊಂದು ಸ್ಟುಡಿಯೋ ಇತ್ತು. ಅವರು ಒಂದಕ್ಷರವನ್ನೂ ಬದಲಿಸದೆ ಹೊರತಂದರು. ಹಕಾರವಿಲ್ಲದ ನನ್ನ ದನಿಯಲ್ಲಿ ಆಮೇಲೆ ಇನ್ನೂ ನಲವತ್ತು ಕತೆಗಳು ಬಂದವು.

ಮೊದಲ ಸಲ ಹೊಸ್ತಿಲ ಕತೆ ಮಂಡಿಯಲ್ಲಿ ಕೇಳಿಬಂದ ಮಧ್ಯಾಹ್ನ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕೂತಿದ್ದರು. ಬಾಗಿಲಿಗಡ್ಡ ನಿಂತವಳ ಮಾತು ಬರುತ್ತಿದ್ದಂತೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಕತೆ ಮುಗಿಯುವವರೆಗೂ ಕೂರಲಿಲ್ಲ.