ಅಮ್ಮನ ಮೊಣಕಾಲಿಗೊಂದು ಮರಿ

ಮುದಿನಾಯಿ ಪ್ರಿಯೇತಾ ಸತ್ತದ್ದು ಚಳಿಗಾಲದ ಮೊದಲಲ್ಲಿ, ಕಡಲಿನಿಂದ ಮಂಜು ಎದ್ದು ವಾಂಚಾಕೊ ಎಂಬ ಮೀನುಗಾರರ ಊರಿನ ಬೀದಿಗಳ ಮೇಲೆ ಮಲಗಿಬಿಡುವ ದಿನಗಳಲ್ಲಿ. ಅದು ವಿರಿಂಗೊ ನಾಯಿ. ಮೈಮೇಲೆ ಕೂದಲೇ ಇಲ್ಲದ ಜಾತಿ. ಮುಟ್ಟಿದರೆ ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗೆ. ಮುದುಕಿ ಎರ್ಮೆಲಿಂದಾ ಅದನ್ನು ಮೊಣಕಾಲ ಮೇಲೆ ಹಾಕಿಕೊಂಡೇ ಎಷ್ಟೋ ಚಳಿಗಾಲಗಳನ್ನು ಕಳೆದಿದ್ದಳು. ಆ ಊರಿನ ಮುದುಕಿಯರೆಲ್ಲ ಮಾಡುವುದೇ ಅದು. ಕೀಲುನೋವಿಗೆ ಮುಲಾಮಿಗಿಂತ ವಿರಿಂಗೊ ಹೊಟ್ಟೆಯ ಶಾಖವೇ ಮೇಲು ಎನ್ನುತ್ತಾರೆ.

ನಾಯಿ ಹೋದ ಮೇಲೆ ಎರ್ಮೆಲಿಂದಾ ಅಳಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದನ್ನು ನಿಲ್ಲಿಸಿದಳು, ಅಷ್ಟೆ. ಮಗಳು ನೇಲಿದಾ ದೋಣಿ ನಿಲ್ಲುವ ಧಕ್ಕೆಯ ಬಳಿಯ ಅಂಗಡಿಯಲ್ಲಿ ದಿನವಿಡೀ ಮೀನು ಹುರಿದು ಕತ್ತಲಾದ ಮೇಲೆ ಮನೆಗೆ ಬಂದರೆ, ಬೆಳಿಗ್ಗೆ ಮುಚ್ಚಿಟ್ಟ ಊಟ ಮುಚ್ಚಿಟ್ಟ ಹಾಗೇ ಇರುತ್ತಿತ್ತು. ತಾಯಿಯ ಎರಡೂ ಕೈಗಳು ಮಡಿಲಲ್ಲಿ ಖಾಲಿ ಬಿದ್ದಿರುತ್ತಿದ್ದವು. ಆ ಕೈಗಳನ್ನು ನೋಡುವುದು ನೇಲಿದಾಗೆ ಆಗುತ್ತಿರಲಿಲ್ಲ.

ಹಾಗಾಗಿ ಒಂದು ಭಾನುವಾರ ಮಾರುಕಟ್ಟೆಯ ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದವನನ್ನು ಕಂಡಾಗ ಅವಳು ಹೆಚ್ಚು ಯೋಚಿಸಲಿಲ್ಲ. ಪೆಟ್ಟಿಗೆಯೊಳಗೆ ಬೋಳು ಮೈಯ ಪುಟ್ಟ ಮರಿಯೊಂದು ನಡುಗುತ್ತಿತ್ತು. ಅಪ್ಪಟ ವಿರಿಂಗೊ, ಇದೊಂದೇ ಉಳಿದಿರೋದು ಎಂದ ಅವನು. ಇದರ ತಾಯಿ ಎಲ್ಲಿದೆ ಎಂದರೆ ಊರಲ್ಲಿದೆ ಎಂದ. ಯಾವ ಊರು ಎಂದು ಅವಳು ಕೇಳಲಿಲ್ಲ. ಲಸಿಕೆ ಆಗಿದೆಯಾ ಎಂದರೆ ಎಲ್ಲಾ ಆಗಿದೆ ಎಂದ. ಅದನ್ನೂ ನಂಬಿದಳು. ಆ ಹೊತ್ತಿನಲ್ಲಿ ಅವಳಿಗೆ ನಂಬುವುದು ಬೇಕಾಗಿತ್ತು.

ಮನೆಗೆ ಬಂದು ಮರಿಯನ್ನು ಮಡಿಲಿಗೆ ಹಾಕಿದಾಗ ಎರ್ಮೆಲಿಂದಾ ಅದರ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿದಳು. ಆಮೇಲೆ ಇನ್ನೊಮ್ಮೆ, ಈ ಸಲ ಬಾಲದಿಂದ ಕತ್ತಿನ ಕಡೆಗೆ.

"ನಿಮ್ಮಪ್ಪನ ಗಡ್ಡ ಚುಚ್ಚಿದ ಹಾಗೆ ಚುಚ್ತಿದೆ ಕಣೇ," ಎಂದಳು.

ನೇಲಿದಾ ಪಕ್ಕದ ಮನೆಯ ಸರೇಲಾಳನ್ನು ಕರೆದಳು. ಸರೇಲಾ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. ಅರ್ಧ ಊರಿನ ತಲೆಗಳು ಅವಳ ಕೈಯಲ್ಲೇ ಹಾದುಹೋಗುತ್ತವೆ. ಅವಳಿಗೆ ಮುಟ್ಟಿ ನೋಡುವ ಅಗತ್ಯವೂ ಬೀಳಲಿಲ್ಲ.

"ಬ್ಲೇಡ್ ಓಡಿಸಿದಾರೆ. ಇಲ್ನೋಡು, ಕಿವಿ ಹಿಂದೆ ಕುಯ್ದುಬಿಟ್ಟಿದಾರೆ. ನನ್ನ ಅಂಗಡೀಲಿ ಹೊಸದಾಗಿ ಕೆಲಸಕ್ಕೆ ಸೇರಿದೋರೂ ಇಷ್ಟು ಕೆಟ್ಟದಾಗಿ ಬೋಳಿಸಲ್ಲ."

ನೇಲಿದಾಗೆ ಮೈಯೆಲ್ಲ ಉರಿದುಹೋಯಿತು. ಈಗಲೇ ಹೋಗಿ ಇದನ್ನು ಅವನ ಮುಖಕ್ಕೆ ಹಿಡಿದು ಕೇಳುತ್ತೇನೆ ಎಂದು ಮರಿಗೆ ಕೈಚಾಚಿದಳು. ಎರ್ಮೆಲಿಂದಾ ಅದನ್ನು ಎದೆಗೆ ಒತ್ತಿಕೊಂಡು ಬಿಡಲಿಲ್ಲ.

"ಮೋಸ ಮಾಡಿದ್ದು ಅವನು. ಇದಕ್ಕೇನು ಗೊತ್ತು, ಪಾಪ."

ಮೂರು ದಿನಕ್ಕೆ ಮರಿ ಹಾಲು ಕುಡಿಯುವುದನ್ನು ಬಿಟ್ಟಿತು. ವಾಂತಿ, ರಕ್ತಭೇದಿ ಶುರುವಾಯಿತು. ಪ್ರಾಣಿವೈದ್ಯರು ನೋಡಿ, ಇದಕ್ಕೆ ಒಂದು ತಿಂಗಳೂ ತುಂಬಿಲ್ಲ, ತಾಯಿಯ ಹಾಲು ಬಿಡುವ ವಯಸ್ಸೇ ಅಲ್ಲ, ಲಸಿಕೆಯಂತೂ ಆಗಿರಲು ಸಾಧ್ಯವೇ ಇಲ್ಲ ಎಂದರು. ಪಾರ್ವೊ ಎಂದು ರೋಗದ ಹೆಸರು ಹೇಳಿ, ಕೈಲಾದದ್ದನ್ನೆಲ್ಲ ಮಾಡಿದರು. ಅದು ಎರ್ಮೆಲಿಂದಾಳ ಮಡಿಲಲ್ಲೇ ಕಣ್ಣು ಮುಚ್ಚಿತು. ಆ ಹೊತ್ತಿಗೆ ಮೈತುಂಬ ಕಂದು ಬಣ್ಣದ ಮೃದುವಾದ ಕೂದಲು ಮೂಡತೊಡಗಿತ್ತು.

"ಇನ್ನು ಈ ಮನೆಗೆ ನಾಯಿ ಬೇಡ," ಎಂದಳು ಎರ್ಮೆಲಿಂದಾ.

ತಾಯಿ ತನ್ನನ್ನೇ ದೂರುತ್ತಿದ್ದಾಳೆ ಎಂದುಕೊಂಡಳು ನೇಲಿದಾ. ಎದ್ದು ನೆಲ ತೊಳೆದಳು. ದುಃಖ ಕಡಿಮೆ ಮಾಡಲು ಹೋಗಿ ಅದಕ್ಕೆ ಇನ್ನೊಂದು ಸೇರಿಸಿದೆನಲ್ಲ ಎಂಬುದು ಹುರಿಯುವ ಬಾಣಲೆಯ ಮುಂದೆ ನಿಂತಾಗಲೂ ಅವಳನ್ನು ಬಿಡಲಿಲ್ಲ.

ಒಂದು ಸಂಜೆ ಸರೇಲಾ ಬಂದು, ಮೋಚೆ ಊರಿನ ತೋಟದ ಕಡೆ ಆಸುಂತಾ ಅನ್ನುವವರು ವಿರಿಂಗೊ ಸಾಕುತ್ತಾರೆ, ನಮ್ಮ ಮನೆಯ ನಾಯಿ ಅಲ್ಲಿಯದೇ, ಒಮ್ಮೆ ಹೋಗಿಬರೋಣ ಎಂದಳು. ನೇಲಿದಾ ಮುಖ ತಿರುಗಿಸಿದಳು. ಪೆಟ್ಟಿಗೆಯಲ್ಲಿಟ್ಟು ಮಾರುವವನು ಒಂದು ಸಲ ಸುಲಿದ, ಮನೆಯಲ್ಲಿಟ್ಟು ಮಾರುವವಳು ಎರಡು ಸಲ ಸುಲಿಯುತ್ತಾಳೆ, ಅಷ್ಟೇ ವ್ಯತ್ಯಾಸ ಎಂದಳು.

"ದುಡ್ಡಿನ ಚೀಲ ಮನೇಲೇ ಬಿಟ್ಟು ಬಾ," ಎಂದಳು ಸರೇಲಾ. "ಹೋದ ದಿನಾನೇ ಮರಿ ಕೈಗೆ ಕೊಡೋರು ಒಳ್ಳೆಯವರಲ್ಲ. ಆಯಮ್ಮ ಕೊಡೋದೂ ಇಲ್ಲ. ಮರಿಯ ತಾಯಿನ ತೋರಿಸ್ತಾರೆ, ಮಲಗೋ ಜಾಗ ತೋರಿಸ್ತಾರೆ. ತೋರಿಸದೇ ಇದ್ರೆ ಎದ್ದು ಬಂದ್ರಾಯ್ತು." ಆಮೇಲೆ ಕಿಟಕಿಯ ಕಡೆ ತಿರುಗಿ, "ಅಜ್ಜಿ, ನೀವೂ ಬರಬೇಕು. ಇಲ್ದಿದ್ರೆ ನಿಮ್ಮ ಮಗಳು ಈ ಸಲ ಬೋಳಿಸಿದ ಕುರಿಮರಿ ತಂದುಬಿಡ್ತಾಳೆ," ಎಂದಳು.

ಎರ್ಮೆಲಿಂದಾಳ ತುಟಿಯ ಕೊನೆ ಒಂದಿಷ್ಟು ಅಲುಗಿತು. ನಾಯಿಗಾಗಿ ಅಲ್ಲ, ಗಾಳಿಗೆ ಬರುತ್ತೇನೆ ಎಂದಳು.

ಆಸುಂತಾಳ ಮನೆಯಲ್ಲಿ ಮೊದಲು ಎದುರು ಬಂದದ್ದು ಮರಿಗಳ ತಾಯಿ. ನುಣುಪಾದ ಕಪ್ಪು ಮೈ, ಹೊಳೆಯುವ ಕಣ್ಣು. ಬಂದವರ ಕೈಗಳನ್ನೆಲ್ಲ ಮೂಸಿ ನೋಡಿ, ದಾರಿ ಬಿಟ್ಟಿತು. ಅಡುಗೆಮನೆಯ ಮೂಲೆಯಲ್ಲಿ ಒಗೆದ ಬಟ್ಟೆಗಳ ಮೇಲೆ ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಅವುಗಳ ನಡುವೆ ಒಂದಕ್ಕೆ ಮೈತುಂಬ ಕೂದಲು.

"ಇದಕ್ಕಿನ್ನೂ ಬ್ಲೇಡ್ ತಾಗಿಲ್ವಾ?" ಎಂದಳು ನೇಲಿದಾ. ಮಾತು ಅವಳು ಅಂದುಕೊಂಡದ್ದಕ್ಕಿಂತ ಕಹಿಯಾಗಿ ಬಂತು.

ಆಸುಂತಾ ಬೇಸರಿಸಲಿಲ್ಲ. "ವಿರಿಂಗೊ ಹೊಟ್ಟೇಲಿ ಕೂದಲಿನ ಮರೀನೂ ಹುಟ್ಟತ್ತೆ ಕಣಮ್ಮ. ಮಾರಾಟ ಆಗಲ್ಲ ಅಂತ ಕೆಲವರು ಎಸೆದುಬಿಡ್ತಾರೆ, ಕೆಲವರು ಬೋಳಿಸಿಬಿಡ್ತಾರೆ. ಇದೂ ಅದೇ ತಾಯಿ ಹಾಲು ಕುಡಿದಿದ್ದಲ್ವಾ? ಇದಕ್ಕೂ ಮನೆ ಹುಡುಕಿದೀನಿ."

ನಂತರ ಅವಳು ಬೋಳು ಮರಿಯೊಂದನ್ನು ಎತ್ತಿ ತೋರಿಸಿದಳು. ಕಣ್ಣಲ್ಲಿ ಪಿಸುರಿಲ್ಲ, ಮೂಗು ಸೋರುತ್ತಿಲ್ಲ. ಬಾಲದ ಕೆಳಗೆ ಗಲೀಜಿಲ್ಲ. ಹೊಟ್ಟೆ ಉಬ್ಬಿಕೊಂಡಿದ್ದರೆ ಜಂತುಹುಳು ಇರಬಹುದು, ಇದರ ಹೊಟ್ಟೆ ಮೆತ್ತಗಿದೆ ನೋಡಿ ಎಂದಳು. ಚರ್ಮದಲ್ಲಿ ಗಾಯವಿಲ್ಲ, ಕಜ್ಜಿಯಿಲ್ಲ. ಹಲ್ಲು ಕಡಿಮೆ ಇರುವುದು ಈ ಜಾತಿಯ ಗುಣ, ಅದು ರೋಗವಲ್ಲ. ನೆಲಕ್ಕೆ ಬಿಟ್ಟು ಚಪ್ಪಾಳೆ ತಟ್ಟಿದಳು; ಮರಿ ತಿರುಗಿ ನೋಡಿ, ಎಡವಿಕೊಂಡು ಓಡಿಬಂತು. ಮರಿಗಳ ತಾಯಿ ತಂದೆಯನ್ನು ವೈದ್ಯರಿಗೆ ತೋರಿಸಿದ್ದು, ಅವಕ್ಕೆ ಹಾಕಿಸಿದ ಲಸಿಕೆ, ಎಲ್ಲಕ್ಕೂ ಚೀಟಿ ಇತ್ತು. ಕೇಳುವ ಮೊದಲೇ ತಂದು ಮುಂದಿಟ್ಟಳು.

ಆಮೇಲೆ ಪ್ರಶ್ನೆಗಳು ಶುರುವಾದವು. ಮನೆಯಲ್ಲಿ ಹಗಲು ಯಾರಿರುತ್ತಾರೆ? ಚಳಿಗೆ ನಾಯಿಗೆ ಅಂಗಿ ಹಾಕುತ್ತೀರಾ? ಬಿಸಿಲಿಗೆ ಈ ಚರ್ಮ ಸುಡುತ್ತದೆ, ಗೊತ್ತಾ? ಹಿಂದೆ ಸಾಕಿದ್ದ ನಾಯಿ ಏನಾಯಿತು? ಹೆಣ್ಣು ಕೇಳಲು ಬಂದವರನ್ನು ವಿಚಾರಿಸುವ ಹಾಗೆ ಇತ್ತು. ಮರಿ ಕೊಳ್ಳಲು ಬಂದವಳು ನಾನು, ಪರೀಕ್ಷೆ ಕೊಡಬೇಕಾದವಳೂ ನಾನೇನಾ ಎಂದು ನೇಲಿದಾಗೆ ಸಿಟ್ಟು ಬಂತು. ಮಾರುಕಟ್ಟೆಯ ಮರಿಯ ಸುದ್ದಿ ಮುಚ್ಚಿಡೋಣ ಅನ್ನಿಸಿತು. ಆದರೆ ತಾಯಿ ಪಕ್ಕದಲ್ಲೇ ಕೂತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆಸುಂತಾ ತಪ್ಪು ಹೊರಿಸಲಿಲ್ಲ. ಆ ರೋಗ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ನೆಲ ಉಜ್ಜಿ, ಅದು ಮಲಗಿದ್ದ ಬಟ್ಟೆಗಳನ್ನು ಸುಟ್ಟುಬಿಡಿ ಎಂದಳು. ಬೇರೆಯವರಿಗಾದರೆ ಮರಿಗೆ ಎರಡು ತಿಂಗಳು ತುಂಬಿ, ಮೊದಲ ಲಸಿಕೆ ಆದ ಮೇಲೆ ಕೊಡುತ್ತಾಳೆ. ಇವರ ಮನೆಗೆ ಮಾತ್ರ ಮರಿಯ ಲಸಿಕೆಗಳೆಲ್ಲ ಮುಗಿಯುವ ತನಕ ಕಳಿಸುವುದಿಲ್ಲ ಎಂದಳು.

"ನಾಯಿ ಯಾಕೆ ಬೇಕು?" ಎಂದು ಕೊನೆಗೆ ಕೇಳಿದಳು.

"ಅಮ್ಮನ ಮೊಣಕಾಲಿಗೆ," ಎಂದಳು ನೇಲಿದಾ.

"ಮೊಣಕಾಲಿಗಾದ್ರೆ ಬಿಸಿನೀರಿನ ಚೀಲ ಸಾಕಲ್ಲ."

ಇದಕ್ಕೆ ಉತ್ತರ ಕೊಟ್ಟವಳು ಎರ್ಮೆಲಿಂದಾ. "ಬಿಸಿನೀರಿನ ಚೀಲ ನಾನು ಕೆಮ್ಮಿದ್ರೆ ತಲೆ ಎತ್ತಿ ನೋಡಲ್ಲ ಕಣಮ್ಮ."

ಆಸುಂತಾ ನಕ್ಕು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದೇ ಮಾತಿದೆ ಎಂದಳು. ಯಾವತ್ತಾದರೂ ನಾಯಿಯನ್ನು ನೋಡಿಕೊಳ್ಳಲು ಆಗದಿದ್ದರೆ ಬೀದಿಗೆ ಬಿಡುವ ಹಾಗಿಲ್ಲ, ಯಾರಿಗೋ ಕೊಡುವ ಹಾಗಿಲ್ಲ, ಇಲ್ಲಿಗೇ ತಂದುಬಿಡಬೇಕು.

ಎರ್ಮೆಲಿಂದಾ ತನ್ನ ಕೈಗಳನ್ನೇ ನೋಡಿಕೊಂಡಳು.

"ನಾನೇ ಹೋಗಿಬಿಟ್ರೆ?"

ನೇಲಿದಾ ತಾಯಿಯ ಕಡೆ ತಿರುಗಿದಳು.

"ವಯಸ್ಸಾಯ್ತು," ಎಂದಳು ಮುದುಕಿ. "ಪ್ರಿಯೇತಾ ನನಗಿಂತ ಮೊದಲು ಹೋದಳು, ಒಳ್ಳೇದಾಯ್ತು. ಈ ಮರಿ ನನಗಿಂತ ಹೆಚ್ಚು ಬದುಕತ್ತೆ. ನನ್ನ ಮಗಳು ಬೆಳಿಗ್ಗೆ ಹೋದ್ರೆ ಬರೋದು ಕತ್ತಲಿಗೆ. ಖಾಲಿ ಕುರ್ಚಿ ಮುಂದೆ ಕೂತು ಕಾಯತ್ತಲ್ಲ, ಅದನ್ನ ನೆನೆಸಿಕೊಂಡೇ ಬೇಡ ಅಂದಿದ್ದು."

ತಾಯಿ ತನ್ನನ್ನು ದೂರಿರಲಿಲ್ಲ ಎಂಬುದು ನೇಲಿದಾಗೆ ಆಗ ಹೊಳೆಯಿತು.

"ಆಗಲೂ ಇಲ್ಲಿಗೇ ಬರತ್ತೆ," ಎಂದಳು ಆಸುಂತಾ. "ಅದರ ತಾಯಿ ಮನೆ ಇದು. ನಿಮ್ಮ ಮಗಳು ಬಂದು ನೋಡಿಕೊಂಡು ಹೋಗಬಹುದು."

ಎರ್ಮೆಲಿಂದಾ ಕೈ ತೊಳೆದು ಬಂದು, ಅಲ್ಲಿಯದೇ ಒಗೆದ ಬಟ್ಟೆಯೊಂದನ್ನು ಹಾಸಿಕೊಂಡು ಮಡಿಲು ಒಡ್ಡಿದಳು. ಎಡವಿಕೊಂಡು ಓಡಿಬಂದಿದ್ದ ಆ ಮರಿಯನ್ನೇ ಆಸುಂತಾ ಅಲ್ಲಿ ಇಟ್ಟಳು. ಮುದುಕಿ ಅದರ ಬೆನ್ನ ಮೇಲೆ ಕೈಯಾಡಿಸಿದಳು, ಬಾಲದಿಂದ ಕತ್ತಿನ ಕಡೆಗೂ ಆಡಿಸಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು.

ಮರಿ ಮನೆಗೆ ಬರಲು ಇನ್ನೂ ಬಹಳ ದಿನ ಇತ್ತು. ಆದರೆ ಮುಂದಿನ ಭಾನುವಾರ ನೇಲಿದಾ ಎದ್ದು ನೋಡಿದಾಗ ತಾಯಿ ಆಗಲೇ ತಲೆ ಬಾಚಿಕೊಂಡು, ಶಾಲು ಹೊದ್ದು, ಬಾಗಿಲ ಬಳಿ ಕೋಲು ಹಿಡಿದು ನಿಂತಿದ್ದಳು. ಮೋಚೆಗೆ ವ್ಯಾನು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಒಂದು ಮರಿ ತರಬೇಕೆಂಬ ಆಸೆ ಇರಬಹುದು. ಯಾವ ಜಾತಿಯದಾದರೂ ಸರಿ, ದಾರಿಬದಿಯ ಪೆಟ್ಟಿಗೆಯಿಂದ ಮರುಕಕ್ಕೆ ಬಿದ್ದು ಎತ್ತಿಕೊಳ್ಳಬೇಡಿ. ಒಂದು ಕೊಂಡರೆ ನಾಳೆ ಆ ಪೆಟ್ಟಿಗೆಯಲ್ಲಿ ಇನ್ನೊಂದು ನಡುಗುತ್ತಿರುತ್ತದೆ. ಮರಿ ಹುಟ್ಟಿದ ಮನೆಗೆ ಹೋಗಿ. ತಾಯಿಯನ್ನು ನೋಡದೆ ಮರಿಯನ್ನು ಒಪ್ಪಬೇಡಿ. ಎರಡು ತಿಂಗಳು ತುಂಬುವ ತನಕ ಅದನ್ನು ತಾಯಿಯ ಹತ್ತಿರವೇ ಬಿಡಿ, ಲಸಿಕೆಯ ಚೀಟಿ ಕೇಳಿ ಪಡೆಯಿರಿ, ತಂದ ವಾರದಲ್ಲೇ ವೈದ್ಯರಿಗೆ ತೋರಿಸಿ. ಸಾಕುವವರು ನಿಮ್ಮನ್ನು ಸಾವಿರ ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡಿ, ಕೂತು ಉತ್ತರ ಹೇಳಿ. ಒಂದೂ ಪ್ರಶ್ನೆ ಕೇಳದೆ ಮರಿ ಕೊಡುವವರ ಬಾಗಿಲಿಂದ ಮಾತ್ರ ಬರಿಗೈಯಲ್ಲೇ ಬಂದುಬಿಡಿ.