ಊಟಕ್ಕೆ ಮೊದಲು ನಾಲ್ಕು ಮಾತು

ಮಾತನಾಡಲೆಂದು ಎದ್ದು ನಿಂತ ಪುರಂದರಣ್ಣ ಮೊದಲ ಒಂದು ನಿಮಿಷ ಮಾತನಾಡುವುದೇ ಇಲ್ಲ. ಒಂದು ಕೈಯಲ್ಲಿ ಚಪ್ಪರದ ಕಂಬ ಹಿಡಿದು, ಕಾಲುಗಳನ್ನು ಅಗಲಿಸಿ ಊರಿ, ಎದುರಿಗೆ ಕುಳಿತವರ ಮುಖಗಳನ್ನು ಸಾಲಿನಿಂದ ಸಾಲಿಗೆ ನೋಡುತ್ತಾ ಹೋಗುತ್ತಾರೆ. ಹೊಸಬರು, ಪಾಪ, ಮುದುಕನಿಗೆ ಮಾತು ಮರೆತುಹೋಯಿತೆಂದು ಒಳಗೊಳಗೇ ಮರುಗುತ್ತಾರೆ. ಅಡುಗೆಯವರು ಸೌಟು ಹಿಡಿದುಕೊಂಡೇ ಇಣುಕುತ್ತಾರೆ. ಮನೆಯ ಯಜಮಾನಿಕೆ ವಹಿಸಿಕೊಂಡ ಯಾರೋ ಬಂಧು ಮೊಬೈಲಿನಲ್ಲಿ ಹೊತ್ತು ನೋಡುತ್ತಾರೆ. ಸತ್ತವರ ಉತ್ತರಕ್ರಿಯೆಯನ್ನು, ನಮ್ಮ ಕಡೆಯ ಮಾತಿನಲ್ಲಿ ಬೊಜ್ಜವನ್ನು, ಮುಗಿಸಿ ಎಲೆ ಹಾಕುವ ಮುನ್ನ ಯಾರಾದರೊಬ್ಬರು ನಾಲ್ಕು ಮಾತು ಆಡಬೇಕೆಂಬುದು ಈಚಿನ ವರ್ಷಗಳಲ್ಲಿ ಬಂದ ಪದ್ಧತಿ. ಮಧೂರಿನಿಂದ ಅಡೂರಿನ ತನಕ ಆ ನಾಲ್ಕು ಮಾತಿಗೆ ಪುರಂದರಣ್ಣನೇ ಆಗಬೇಕು.

ಕಾಸರಗೋಡು–ಅಡೂರು ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದವರು ಅವರು. ಸಮತಟ್ಟಾದ ಅಂಗಳದಲ್ಲಿ ನಡೆಯುವಾಗಲೂ ತಿರುವಿನಲ್ಲಿ ಓಲುವ ಬಸ್ಸಿನೊಳಗೆ ಇದ್ದಾರೋ ಎಂಬಂಥ ನಡಿಗೆ. ಕಂಠವಂತೂ ಕಂಚಿನದು. ಯಾವ ವಾಕ್ಯವನ್ನೇ ಶುರುಮಾಡಲಿ, ‘ಈಗ’ ಎಂದೇ ಶುರುಮಾಡಬೇಕು; ನಲವತ್ತು ವರ್ಷ ಹಿಂದಿನ ಸಂಗತಿಗೂ ‘ಈಗ’ ಎಂದೇ ಪೀಠಿಕೆ.

ಆರಂಭದ ದಿನಗಳಲ್ಲಿ ಅವರು ಹೀಗಿರಲಿಲ್ಲ. ಗಲ್ಫಿನಲ್ಲಿದ್ದ ಭಾವ ಕೊಟ್ಟ ನೀಲಿ ಕೋಟೊಂದಿತ್ತು. ಮೇ ತಿಂಗಳ ಧಗೆಯಲ್ಲೂ ಅದನ್ನು ತೊಟ್ಟು, ಬೆವರು ಒರೆಸುತ್ತಾ, ಕಣ್ಣು ಅರೆಮುಚ್ಚಿ, ಕಾಲು ಗಂಟೆ ತಡೆಯಿಲ್ಲದೆ ಭಾಷಣ ಸುರಿಸುತ್ತಿದ್ದರು. ಭಾಷಣ ಅವರದಲ್ಲ, ನನ್ನದು. ಕನ್ನಡ ಮಾಷ್ಟ್ರಾದ ನಾನು ಅವರ ಒತ್ತಾಯಕ್ಕೆ ಎರಡು ಪುಟ ಬರೆದುಕೊಟ್ಟಿದ್ದೆ: ‘ಮಕ್ಕಳು ಮೊಮ್ಮಕ್ಕಳ ಸೌಭಾಗ್ಯವನ್ನು ಕಣ್ತುಂಬ ಕಂಡು, ಸಂಸಾರದ ಸಮಸ್ತ ಕರ್ತವ್ಯಗಳನ್ನು ಪೂರೈಸಿ, ಪಕ್ವಫಲವು ತೊಟ್ಟು ಕಳಚುವಂತೆ…’ ಎಂದು ಮುಂತಾಗಿ. ಎಳೆಯರು ತೀರಿಹೋದರೆ ಆಡಲೆಂದು ಬೇರೆಯೇ ಎರಡು ಪುಟವಿತ್ತು. ಎರಡೂ ಅವರಿಗೆ ಕಂಠಪಾಠ. ಬರೆಯುವಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಒಂಬತ್ತು ವರ್ಷದ ಹಿಂದಿನ ಒಂದು ಭಾನುವಾರ ಅವರಿಗೆ ಎರಡು ಮನೆಯಿಂದ ಕರೆಯಿತ್ತು. ಬೆಳಿಗ್ಗೆ ಮಧೂರಿನಲ್ಲಿ ಎಂಬತ್ತನಾಲ್ಕು ತುಂಬಿದ ಅಜ್ಜನೊಬ್ಬನ ಬೊಜ್ಜ; ಮಧ್ಯಾಹ್ನ ಅಡೂರಿನ ಸಮೀಪ ಮೋಹಿನಿಯಕ್ಕನ ಮಗ ಯತಿನನದು. ಬೀಡಿ ಕಟ್ಟಿ ಸಾಕಿದ ಒಬ್ಬನೇ ಮಗ. ತಂದೆ ಮೊದಲೇ ಇಲ್ಲ. ಕಲ್ಲು ತೆಗೆದು ಬಿಟ್ಟ ಹಳೆಯ ಕೋರೆಯೊಂದರ ನೀರಿಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ಇಪ್ಪತ್ತೆರಡು ವರ್ಷ. ಯಾರದೋ ಸ್ಕೂಟರಿನ ಹಿಂದೆ ಕುಳಿತು ಓಡೋಡಿ ಬಂದ ಪುರಂದರಣ್ಣ ಕೋಟು ಸರಿಮಾಡಿಕೊಂಡು, ಕಣ್ಣು ಅರೆಮುಚ್ಚಿ, ಬೆಳಗಿನ ಭಾಷಣವನ್ನೇ ಮೊದಲಿನಿಂದ ಕೊನೆಯ ತನಕ ಒಪ್ಪಿಸಿಬಿಟ್ಟರು. ಮಕ್ಕಳು ಮೊಮ್ಮಕ್ಕಳು ಎಂದಾಗ ಜನ ಮುಖ ಮುಖ ನೋಡಿಕೊಂಡರು. ಪಕ್ವಫಲ ಎಂದಾಗ ಮೋಹಿನಿಯಕ್ಕ ಎದ್ದು ಒಳಗೆ ಹೋದರು. ಹಿಂದಿನ ಸಾಲಿನಲ್ಲಿದ್ದ ನನಗೆ ನಿಲ್ಲಿಸಿ ಎನ್ನುವಷ್ಟು ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕ್ಷಮೆ ಕೇಳಲು ಹೋದಾಗ ಮೋಹಿನಿಯಕ್ಕ ಬೀಡಿಯ ಎಲೆ ಕತ್ತರಿಸಲು ಕುಳಿತಾಗಿತ್ತು. ಬೈಯಲಿಲ್ಲ, ಅಳಲೂ ಇಲ್ಲ. “ಮಾತು ತಪ್ಪಿದ್ದು ಇರಲಿ, ಯಾರಿಗೂ ತಪ್ಪುತ್ತದೆ. ಆದರೆ ನೀವು ಕಾಲು ಗಂಟೆ ನಮ್ಮ ಎದುರು ನಿಂತಿದ್ದಿರಿ ಪುರಂದರಣ್ಣ. ನನ್ನನ್ನು ಒಮ್ಮೆ ನೋಡಿದ್ದರೆ ಸಾಕಿತ್ತು, ಯಾರದೋ ಅಜ್ಜನ ಮಾತು ನಿಮ್ಮ ಬಾಯಿಗೆ ಬರುತ್ತಿರಲಿಲ್ಲ.” ಅಷ್ಟು ಹೇಳಿ ಚಹಾ ಕೊಟ್ಟರಂತೆ. ಆ ಸಂಜೆ ನನ್ನ ಜಗಲಿಯಲ್ಲಿ ಕುಳಿತು ಪುರಂದರಣ್ಣ ಇದನ್ನು ಹೇಳಿದರು. ನಾಲ್ಕು ಪುಟಗಳನ್ನೂ ನನಗೆ ಹಿಂದಿರುಗಿಸಿದರು. ಕೋಟನ್ನು ಮತ್ತೆ ತೊಡಲಿಲ್ಲ.

ಎರಡು ವರ್ಷ ಎಲ್ಲಿಯೂ ಮಾತನಾಡಲಿಲ್ಲ. ಆಮೇಲೆ ತೆಂಗಿನ ಮರದಿಂದ ಬಿದ್ದು ಸತ್ತ ಚೋಮನ ಬೊಜ್ಜಕ್ಕೆ ಬೇರೆ ಯಾರೂ ಸಿಗದೆ ಇವರನ್ನೇ ಎಬ್ಬಿಸಿದರು. ಅಂದೇ ಮೊದಲ ಬಾರಿಗೆ ಆ ಒಂದು ನಿಮಿಷದ ಮೌನವನ್ನು ಕಂಡದ್ದು. ಬಳಿಕ ಅವರು ಮೈಕಿನಲ್ಲಿ ಚೋಮನ ಹೆಂಡತಿಗೆ ಹೇಳಿದರು: “ಈಗ, ಕಿನ್ನಿಯಕ್ಕ, ಬೆಳಿಗ್ಗೆಯಿಂದ ನೋಡುತ್ತಾ ಇದ್ದೇನೆ, ನೀವು ನಿಂತೇ ಇದ್ದೀರಿ. ಬಂದವರನ್ನೆಲ್ಲ ಕೂರಿಸಿದಿರಿ. ನೀವು ಸಹ ಒಮ್ಮೆ ಕುಳಿತುಕೊಳ್ಳಿ.” ಯಾರೋ ಕುರ್ಚಿ ತಂದರು. ಕಿನ್ನಿ ಕುಳಿತಳು, ಕುಳಿತ ಮೇಲೆ ಅಳು ಬಂತು. ಭಾಷಣ ಅಷ್ಟೇ. ವರ್ಷ ಕಳೆದ ಮೇಲೆ ಕೇಳಿದರೆ ಅವಳೆಂದಳು: “ಎಂತ ಹೇಳಿದರು ಅಂತ ನೆನಪಿಲ್ಲ ಮಾಷ್ಟ್ರೆ. ಅವತ್ತು ಅನ್ನ ಇಳಿಯಿತು.”

ಎಲ್ಲ ಕಡೆಯೂ ಹೀಗೆ ಒಳಿತೇ ಆಯಿತೆಂದರೆ ಸುಳ್ಳಾದೀತು. ಎಡನೀರಿನ ಕಡೆಯ ಜಮೀನ್ದಾರರ ಮನೆಯಲ್ಲಿ ಹಿರಿಮಗ ಈಶ್ವರಪ್ರಸಾದ ತಂದೆಯ ಸಾಧನೆಗಳನ್ನೆಲ್ಲ ಟೈಪು ಮಾಡಿಸಿ ಕೈಗೆ ಕೊಟ್ಟಿದ್ದ. ಪುರಂದರಣ್ಣ ಅದನ್ನು ಮಡಚಿ ಕಿಸೆಗೆ ಹಾಕಿ, ಸಾಲುಗಳನ್ನು ನೋಡಿ, “ಈಗ, ಅಣ್ಣತಮ್ಮ ಇಬ್ಬರು ಕುಳಿತಿದ್ದಾರೆ, ನಡುವೆ ಒಂದು ಕುರ್ಚಿ ಖಾಲಿ ಉಂಟು. ತಂದೆಯವರ ಬಗ್ಗೆ ನನಗೆ ಬೇರೆ ಎಂತದೂ ಹೇಳಲಿಕ್ಕೆ ಆಗುವುದಿಲ್ಲ” ಎಂದು ಇಳಿದರು. ಸಹೋದರರು ಒಂದಾಗಲಿಲ್ಲ. ನಡುವಿನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಪುರಂದರಣ್ಣನಿಗೆ ಊಟಕ್ಕೆ ಏಳಿ ಎಂದು ಹೇಳುವವರೂ ಇರಲಿಲ್ಲ.

ಇಂಥ ಮನುಷ್ಯನ ಎದೆಯೊಳಗೆ ಒಂದೇ ಒಂದು ಮಾತು ಬಾಕಿಯಿತ್ತು. ಕಿನ್ನಿಯ ಮನೆಯ ಸುದ್ದಿ ಕೇಳಿದ ಮೋಹಿನಿಯಕ್ಕ ದಾರಿಯಲ್ಲಿ ಸಿಕ್ಕಾಗ, “ನಮ್ಮ ಯತಿನನ ಬಗ್ಗೆಯೂ ಒಂದು ದಿನ ಬಂದು ಹೇಳಿ. ಮೈಕು ಬೇಡ, ನಾನೊಬ್ಬಳೇ ಕೇಳುವುದು” ಎಂದಿದ್ದರಂತೆ. ಹೇಳಲು ಬೇಕಾದಷ್ಟಿತ್ತು. ಹುಡುಗ ಏಳು ವರ್ಷ ಇವರದೇ ಬಸ್ಸಿನಲ್ಲಿ ಶಾಲೆಗೆ ಹೋದವನು, ಇವರ ಬೈಗುಳ ತಿಂದವನು, ಇವರ ಸೀಟಿಯನ್ನು ಕದ್ದು ಊದಿ ಬಸ್ಸು ನಿಲ್ಲಿಸಿದವನು. ಆದರೆ ಯಾವ ತಯಾರಿಯೂ ಇಲ್ಲದೆ ನೂರಾರು ಅಂಗಳಗಳಲ್ಲಿ ನಿಂತ ಪುರಂದರಣ್ಣ ಈ ಒಂದು ಮನೆಗೆ ಮಾತ್ರ ತಯಾರಿಗೆ ತೊಡಗಿದರು. “ಅದೊಂದನ್ನು ಸರಿಯಾಗಿ ಹೇಳಬೇಕು ಮಾಷ್ಟ್ರೆ, ಇನ್ನೊಮ್ಮೆ ತಪ್ಪಬಾರದು” ಎನ್ನುತ್ತಿದ್ದರು. ಮೂರು ಸಲ ಆ ಮನೆಯ ಏರುದಾರಿಯ ಬುಡದವರೆಗೆ ಹೋಗಿ ಹಿಂದಿರುಗಿದ್ದನ್ನು ನಾನೇ ಬಲ್ಲೆ. ವಾಕ್ಯಗಳನ್ನು ಜೋಡಿಸಿದರು, ಬಿಚ್ಚಿದರು. ಆರು ವರ್ಷ ಕಳೆಯಿತು. ಹೋಗಿ ಸುಮ್ಮನೆ ಎದುರು ಕುಳಿತುಕೊಳ್ಳಿ ಎಂದು ನಾನಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಜ್ವರವೆಂದು ಮಲಗಿದ ಮೋಹಿನಿಯಕ್ಕ ಮೂರನೆಯ ದಿನ ತೀರಿಕೊಂಡರು. ತಂಗಿಯ ಮಗಳು ಅಕ್ಷಯಾ ಫೋನು ಮಾಡಿ ಪುರಂದರಣ್ಣನನ್ನು ಕರೆದಳು. ಬೊಜ್ಜಕ್ಕೆ ಮೂವತ್ತು ಜನ ಇದ್ದರೋ ಇಲ್ಲವೋ. ಅವರು ಕಂಬ ಹಿಡಿದು ನಿಂತರು, ಸಾಲುಗಳನ್ನು ನೋಡಿದರು. ಒಂದು ನಿಮಿಷ ಮೂರಾಯಿತು, ಐದಾಯಿತು. ಮುಖಗಳನ್ನು ಮೊದಲಿನಿಂದ ಮತ್ತೊಮ್ಮೆ ನೋಡಿದರು. “ಈಗ…” ಎಂದರು. “ಈಗ, ಕೇಳಬೇಕಾದವರು ಇಲ್ಲ.” ಮೈಕನ್ನು ಕುರ್ಚಿಯ ಮೇಲಿಟ್ಟು ಅಂಗಳ ದಾಟಿ ಹೋದರು. “ಅವರು ಎಂತ ಹೇಳಿದ್ದು ಮಾಷ್ಟ್ರೆ?” ಎಂದು ಅಕ್ಷಯಾ ಕೇಳಿದಳು. ನಾನು ಕುರ್ಚಿಯ ಮೇಲಿದ್ದ ಮೈಕನ್ನು ಆರಿಸಿದೆ.

ಬರೆಯುವ ನಮ್ಮಂಥವರಿಗೆ ಹೊಡೆದುಹಾಕಿ ಮತ್ತೆ ಬರೆಯುವ ಸೌಕರ್ಯವಿದೆ. ಓದುವವರು ಇಂದಲ್ಲ ನಾಳೆ ಸಿಕ್ಕಾರೆಂಬ ಧೈರ್ಯವಿದೆ. ಎದುರು ನಿಂತು ಆಡುವವರಿಗೆ ಅಂಥದ್ದು ಯಾವುದೂ ಇಲ್ಲ. ಕೇಳುವ ಜೀವ ಕಣ್ಣೆದುರಿಗೆ ಇರುವಷ್ಟು ಹೊತ್ತೇ ಅವರ ಮಾತಿನ ಆಯುಸ್ಸು. ಚೆಂದ ಮಾಡುತ್ತಾ ಕುಳಿತರೆ ಕಿವಿಯೇ ಮಣ್ಣಾಗಿ ಹೋಗುತ್ತದೆ. ಪರರ ಅಂಗಳದಲ್ಲಿ ನೂರು ಸಲ ಆ ಗಳಿಗೆಯನ್ನು ತಪ್ಪದೆ ಹಿಡಿದವರು ತಮ್ಮದೇ ಒಂದನ್ನು ಕೈಬಿಟ್ಟಿರುತ್ತಾರೆ. ಅದು ಗೊತ್ತಿದ್ದೂ, ಮರುವಾರ ಇನ್ನಾವುದೋ ಸಾವಿನ ಮನೆಯವರು ಫೋನು ಮಾಡಿದರೆ, ಒಗೆದ ಅಂಗಿ ಹಾಕಿಕೊಂಡು ಹೊರಡುತ್ತಾರೆ.