ಚಿಕ್ಕಾಚಾರಿಯ ನಟ್ಟಿಗೊಂದು ಪಾನಾ

ಇಲವಾಲದ ನಿಂಗಯ್ಯ ಸೈಕಲ್ಲಿನ ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಒಂಟಿಕೊಪ್ಪಲಿನ ಮನೆಗಳಿಗೆ ಹಾಲು ಹಾಕಲು ಶುರುಮಾಡಿ ಎರಡು ವರ್ಷವಾಗಿತ್ತು. ಆ ದಿನ ಅವನು ಗಿರಿಜಾಂಬಾ ಅವರ ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಜಗಲಿ ಹತ್ತಿತ್ತು. ಅವರ ಯಜಮಾನರು ಕಾಫಿ ಇಲ್ಲದೆಯೇ ರೈಲ್ವೆ ವರ್ಕ್‌ಶಾಪಿಗೆ ಹೊರಟುಹೋಗಿದ್ದರು.

“ಈ ತಿಂಗಳಲ್ಲಿ ಇದು ಮೂರನೇ ಸಲ ನಿಂಗಯ್ಯ,” ಎಂದರು ಗಿರಿಜಾಂಬಾ, ಪಾತ್ರೆಯನ್ನು ಮುಂದೆ ಚಾಚದೆ. “ನಾಳೆ ಆರೂವರೆಗೆ ಹಾಲು ಬಾಗಿಲಲ್ಲಿ ಇರಬೇಕು. ಇಲ್ಲದಿದ್ರೆ ನಾಡಿದ್ದಿಂದ ನೀನು ಬರೋದೇ ಬೇಡ. ಪಡುವಾರಹಳ್ಳಿಯವನು ಎಮ್ಮೇನೇ ಹೊಡ್ಕೊಂಡು ಬಂದು ಎದುರಿಗೇ ಕರ್ಕೊಡ್ತೀನಿ ಅಂತಿದಾನೆ.”

ಅವರು ಬಿಟ್ಟರೆ ಆ ಸಾಲಿನ ಇನ್ನೂ ನಾಲ್ಕು ಮನೆ ಬಿಡುತ್ತವೆಂದು ನಿಂಗಯ್ಯನಿಗೆ ಗೊತ್ತಿತ್ತು. ಅಲ್ಲಿಗೆ ಒಂದು ಕ್ಯಾನು ಹಾಲು ಹಾಗೇ ಊರಿಗೆ ವಾಪಸ್ಸು.

ತಪ್ಪು ಹಿಂದಿನ ಚಕ್ರದ್ದು. ಭಾರ ಹೊತ್ತು ಕುಲುಕಿ ಕುಲುಕಿ ಎಡಗಡೆಯ ನಟ್ಟು ಸಡಿಲವಾಗುತ್ತಿತ್ತು. ಚಕ್ರ ಓರೆಯಾಗಿ ಫ್ರೇಮಿಗೆ ಉಜ್ಜಿ ನಿಂತುಬಿಡುತ್ತಿತ್ತು. ದಾರಿಯಲ್ಲಿ ಬಿಗಿ ಮಾಡಿಕೊಳ್ಳಲು ಕೈಯಲ್ಲಿ ಏನೂ ಇಲ್ಲ. ಅವತ್ತು ಹೂಟಗಳ್ಳಿಯಿಂದ ತಳ್ಳಿಕೊಂಡೇ ಬಂದಿದ್ದ.

ಉಳಿದ ಮನೆಗಳಿಗೆ ಹಾಲು ಹಾಕಿ ಮುಗಿಸಿ ನೇರ ಶಿವರುದ್ರಪ್ಪನವರ ಸೈಕಲ್ ಶಾಪಿಗೆ ಬಂದ. ನಟ್ಟು ಬಿಗಿ ಮಾಡುವ ಪಾನಾ, ಜೇಬಿನಲ್ಲಿ ಇಟ್ಟುಕೊಂಡು ಹೋಗುವಂಥದ್ದು, ಒಂದರಲ್ಲೇ ಎಲ್ಲ ಕೆಲಸ ಆಗುವಂಥದ್ದು ಬೇಕೆಂದ.

ಶಿವರುದ್ರಪ್ಪನವರು ಮೊದಲು ಮೂಳೆಯ ಆಕಾರದ ಪಾನಾ ಒಂದನ್ನು ಹಲಗೆಯ ಮೇಲಿಟ್ಟರು. ಎರಡೂ ಗೆಣ್ಣಿನ ಸುತ್ತ ತೂತುಗಳು, ಒಂದೊಂದು ಒಂದೊಂದು ಅಳತೆ. “ಮೈಸೂರಿನ ಅರ್ಧ ಸೈಕಲ್ಲು ಓಡ್ತಿರೋದೇ ಇದರ ಮೇಲೆ. ಕಣ್ಣು ಮುಚ್ಕೊಂಡು ತಗೊ.”

ನಿಂಗಯ್ಯ ಕಣ್ಣು ಮುಚ್ಚುವ ಪೈಕಿಯಲ್ಲ. ಅದನ್ನು ಹಿಡಿದು ಬೀದಿಗಿಳಿದು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಮುಂದಿನ ಚಕ್ರಕ್ಕೆ ಸರಿಹೋಯಿತು. ಬ್ರೇಕಿಗೆ, ಸೀಟಿಗೆ, ಹಿಂದಿನ ಚಕ್ರದ ಬಲಗಡೆಗೆ ಸರಿಹೋಯಿತು. ಎಡಗಡೆಯ ನಟ್ಟಿಗೆ ಮಾತ್ರ ಹತ್ತು ತೂತಿನಲ್ಲಿ ಒಂದೂ ಕೂರಲಿಲ್ಲ.

ಶಿವರುದ್ರಪ್ಪನವರು ಕನ್ನಡಕ ಏರಿಸಿಕೊಂಡು ಬಂದು ಬಗ್ಗಿ ನೋಡಿದರು. ಎಲ್ಲ ನಟ್ಟಿಗೂ ಆರು ಮೂಲೆ, ಇದಕ್ಕೆ ನಾಲ್ಕೇ.

“ಏನಯ್ಯಾ ಇದು? ಸೈಕಲ್ಲಿಂದೋ, ಎತ್ತಿನ ಗಾಡೀದೋ?”

“ನಮ್ಮೂರ ಕಮ್ಮಾರ ಚಿಕ್ಕಾಚಾರಿ ಮಾಡಿದ್ದು ಸ್ವಾಮಿ. ನಾನು ಕಲ್ಲಲ್ಲಿ ಕುಟ್ಟಿ ಕುಟ್ಟಿ ಹಳೇದರ ಮೂಲೆ ಎಲ್ಲಾ ಸವೆಸ್ಬುಟ್ಟಿದ್ದೆ. ಅದ್ಕೇ ಗಾಡಿ ಚಕ್ರಕ್ಕೆ ಪಟ್ಟಿ ಏರಿಸ್ತಾರಲ್ಲ, ಅಂಗೇ ತೂತಿರೋ ಚೌಕದ ಕಬ್ಬಿಣ ಕೆಂಪಗೆ ಕಾಯಿಸಿ, ಹಳೇದರ ಮ್ಯಾಲೆ ಕೂರ್ಸಿ, ನೀರು ಉಯ್ದವ್ನೆ.”

ಶಿವರುದ್ರಪ್ಪನವರು ಬೆರಳಿನಿಂದ ತಡವಿದರು. ಒಳಗಿನ ಗುಂಡು ನಟ್ಟೂ ಹೊರಗಿನ ಚೌಕವೂ ಕೂದಲೆಳೆ ಸಂದಿಲ್ಲದೆ ಒಂದಾಗಿದ್ದವು. “ಒಳ್ಳೇ ಕಸುಬುದಾರ,” ಎಂದು ಗೊಣಗಿ, ಗಟ್ಟಿಯಾಗಿ ಅಂದರು: “ಇದನ್ನ ತೆಗೆದು ಹೊಸದು ಹಾಕ್ಕೊಡ್ತೀನಿ. ಒಂದು ನಿಮಿಷದ ಕೆಲಸ.”

“ಬ್ಯಾಡಿ, ಬ್ಯಾಡಿ.” ನಿಂಗಯ್ಯ ನಟ್ಟಿನ ಮೇಲೆ ಕೈ ಮುಚ್ಚಿದ. “ವರ್ಷಾ ವರ್ಷಾ ಕಣದಲ್ಲಿ ಅವ್ನಿಗೆ ಕಬ್ಬಿಣದ ಕೆಲ್ಸಕ್ಕೆ ಅಂತ ರಾಗಿ ಅಳೆದು ಆಯ ಕೊಡ್ತೀವಿ. ಗುಳ, ಕುಡ್ಲು, ಮಚ್ಚು, ಮನೇಲಿರೋ ಕಬ್ಬಿಣವೆಲ್ಲ ಅವ್ನ್ದೇ. ಸೈಕಲ್ಲು ತಂದಾಗ, ಇದೂ ನನ್ನ ಆಯದೊಳಕ್ಕೇ ಬತ್ತದೆ ಕಣೋ ಅಂದಿದ್ದ. ಅವ್ನು ಮಾಡ್ಕೊಟ್ಟಿದ್ದ ಕಿತ್ತಾಕಿ ಪ್ಯಾಟೇದು ಹಾಕ್ಸ್ಕೊಂಡು ಹೋದ್ರೆ ಅವ್ನ ಮೊಕ ಎಂಗೆ ನೋಡ್ಲಿ?”

“ಹಾಗಾದ್ರೆ ಅವನ ಹತ್ರಾನೇ ಪಾನಾನೂ ಮಾಡಿಸ್ಕೊ.”

“ಕೇಳ್ದೆ. ಒಂದು ಮಾಡ್ಕೊಟ್ಟ. ಮೂರು ಸೇರು ತೂಗ್ತದೆ. ಅದ್ನ ಹೊತ್ರೆ ಹಾಲು ಬುಟ್ಟು ಬರಬೇಕು.”

ಶಿವರುದ್ರಪ್ಪನವರು ನಕ್ಕು ಒಳಗೆ ಹೋಗಿ, ಮಡಿಸುವ ಚಾಕುವಿನಂಥದ್ದೊಂದನ್ನು ತಂದರು. ಬಿಡಿಸಿದರೆ ತಿರುಪುಳಿ, ಚಪ್ಪಟೆ ಪಾನಾ, ಇಕ್ಕಳ ಎಲ್ಲ ಹೊರಬರುತ್ತಿದ್ದವು. ಥಳಥಳ ಹೊಳೆಯಿತು. ನಿಂಗಯ್ಯ ಅದನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ಚೌಕದ ನಟ್ಟಿಗೆ ಹಾಕಿ ಮೈಭಾರ ಬಿಟ್ಟಾಗ ಅದರ ಕೀಲು ಕಿರ್ ಎಂದಿತು.

“ಕೀಲು ಸಣ್ಣದಾಯ್ತು,” ಎಂದು ಹಿಂದಕ್ಕೆ ಕೊಟ್ಟ.

“ಹೆಣ್ಣು ನೋಡೋಕೆ ಬಂದವನ ಹಾಗೆ ಆಡ್ತೀಯಲ್ಲಯ್ಯ!”

“ಹೆಣ್ಣಾದ್ರೆ ಹಿರೀರು ನೋಡಿ ಒಪ್ಪಿಬುಡೋರು ಸ್ವಾಮಿ. ಇದ್ನ ನಾನೇ ನೋಡ್ಬೇಕಲ್ಲ.”

ಮೂರನೆಯದು ಎಣ್ಣೆ ಹತ್ತಿದ ಕಾಗದದಲ್ಲಿ ಸುತ್ತಿಟ್ಟದ್ದು. ಕಪ್ಪಗೆ, ಗೇಣಿಗಿಂತ ಚಿಕ್ಕದಾಗಿ, ನೋಡಲು ಏನೂ ಇಲ್ಲದ್ದು. ಹಿಡಿಯ ಬಳಿಯ ಪುಟ್ಟ ಗಾಲಿ ತಿರುಗಿಸಿದರೆ ಬಾಯಿ ಬೇಕಾದಷ್ಟು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹಿಡಿಯ ತುದಿ ಚಪ್ಪಟೆಯಾಗಿ ಕೊಂಚ ಬಾಗಿತ್ತು. ತಿರುಪು ತೆಗೆಯಲೂ ಆಗುತ್ತಿತ್ತು, ಟೈರು ಎಬ್ಬಿಸಲೂ ಆಗುತ್ತಿತ್ತು. ನಿಂಗಯ್ಯ ಅದರ ಬಾಯಿಯನ್ನು ಚಿಕ್ಕಾಚಾರಿಯ ಚೌಕಕ್ಕೆ ತಂದು ಗಾಲಿ ತಿರುಗಿಸಿದ. ಎಮ್ಮೆ ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಕಚ್ಚಿಕೊಂಡಿತು. ಸಡಿಲಿಸಿದ, ಬಿಗಿ ಮಾಡಿದ. ಬಲಗಡೆಯದನ್ನೂ ಹಾಗೇ ಮಾಡಿದ. ಟೈರಿನ ಅಂಚನ್ನು ಒಂದು ಸಲ ಎಬ್ಬಿಸಿ ಮತ್ತೆ ಕೂರಿಸಿದ.

“ಇದು ಸಾಕು,” ಎಂದ.

ಮರುದಿನ ಮುಂಜಾನೆ ಹೂಟಗಳ್ಳಿ ಇನ್ನೂ ಅರ್ಧ ಮೈಲಿಯಿರುವಾಗ ಚಕ್ರ ಫ್ರೇಮಿಗೆ ಉಜ್ಜಲು ತೊಡಗಿತು. ನಿಂಗಯ್ಯ ಇಳಿದ. ಅವಸರ ಮಾಡಲಿಲ್ಲ. ಮೊದಲು ಕ್ಯಾನುಗಳನ್ನು ಬಿಚ್ಚಿ ಇಬ್ಬನಿಯ ಹುಲ್ಲಿನ ಮೇಲೆ ಇಳಿಸಿದ. ಎರಡೂ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆಳೆದು, ಎರಡೂ ಪಕ್ಕ ಹೆಬ್ಬೆರಳಿನಷ್ಟು ಜಾಗ ಸಮ ಮಾಡಿ, ಉಸಿರು ಹಿಡಿದು ಬಿಗಿ ಮಾಡಿದ. ಹುಣಸೂರಿನ ಕಡೆಯ ಮೊದಲ ಬಸ್ಸು ಎದುರಿಗೆ ಬಂದು ದಾಟಿಹೋಗುವಷ್ಟರಲ್ಲಿ ಅವನು ಮತ್ತೆ ಸೀಟಿನ ಮೇಲಿದ್ದ.

ಗಿರಿಜಾಂಬಾ ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದರು. ಒಳಗೆ ಡಿಕಾಕ್ಷನ್ನಿನ ವಾಸನೆ ಇತ್ತು. ಯಜಮಾನರು ಮೈಮೇಲೆ ನೀರು ಸುರಿದುಕೊಳ್ಳುವ ಸದ್ದು ಬಚ್ಚಲಿನಿಂದ ಇನ್ನೂ ಬರುತ್ತಿತ್ತು. ಗಿರಿಜಾಂಬಾ ತಲೆಯೆತ್ತಿ, ನಿಂಗಯ್ಯನ ಮುಖ ಬಿಟ್ಟು ಕೈ ನೋಡಿದರು. ಎರಡೂ ಕೈ ಮೊಣಕೈವರೆಗೆ ಮಸಿ.

“ಅಯ್ಯೋ, ಆ ಕೈಲಿ ಹಾಲು ಮುಟ್ಟೀಯ! ಏನಾಯ್ತು?”

“ದಾರೀಲಿ ಚಕ್ರ ಓರೆಯಾಗಿತ್ತು ಅವ್ವಾವ್ರೇ. ನಾನೇ ನೆಟ್ಟಗೆ ಮಾಡ್ಕೊಂಡೆ.”

“ನೀನೇ?” ಅವರು ನಂಬದವರಂತೆ ಸೈಕಲ್ಲನ್ನು ನೋಡಿದರು. ಆಮೇಲೆ ಒಂದು ಹಿಡಿ ಸೀಗೆಪುಡಿ ತಂದು ಅವನ ಅಂಗೈಗೆ ಹಾಕಿ, ಚೆಂಬಿನಿಂದ ನೀರು ಬಿಟ್ಟರು. ಮಸಿ ಹೋಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರೇ ಕ್ಯಾನಿನ ಮುಚ್ಚಳ ತೆಗೆದು, ಅವನ ಪಾವನ್ನು ತೆಗೆದುಕೊಂಡು, ನೊರೆ ಊದಿ ಪಕ್ಕಕ್ಕೆ ಸರಿಸಿ, ಎರಡು ಸೇರು ಅಳೆದುಕೊಂಡರು.

“ನೊರೆ ಬುಟ್ಟು ಅಳೆದ್ರೆ ನಾನು ಕೆಟ್ಟೆ ಅವ್ವಾವ್ರೇ,” ಎಂದ ನಿಂಗಯ್ಯ, ಕೈ ಕೊಡವುತ್ತ.

“ಎರಡು ವರ್ಷದಿಂದ ನೊರೇನೇ ಕೊಟ್ಟಿದೀಯ ಅಂತ ಈಗ ತಾನೇ ಗೊತ್ತಾಗಿದ್ದು,” ಎಂದು ಅವರು ಒಳಗೆ ಹೋದರು. ಬಾಗಿಲಿನಿಂದಲೇ ತಿರುಗಿ, “ನಾಳೇನೂ ಇದೇ ಹೊತ್ತಿಗೆ ಬಾ. ಕೂತ್ಕೊ, ಹಾಲು ಉಕ್ಕಿದ ಕೂಡ್ಲೇ ನಿಂಗೂ ಒಂದು ಲೋಟ ಕೊಡ್ತೀನಿ,” ಎಂದರು.

ನಿಂಗಯ್ಯ ಮೆಟ್ಟಿಲ ಮೇಲೆ ಕೂತು ಕೈಯನ್ನು ಮೂಗಿನ ಹತ್ತಿರ ತಂದ. ಸೀಗೆಯ ಅಡಿಯಲ್ಲಿ ಇನ್ನೂ ಸ್ವಲ್ಪ ಎಣ್ಣೆಯ ವಾಸನೆ ಇತ್ತು. ಮುಂದಿನ ನಾಲ್ಕು ಮನೆಗೆ ಇನ್ನೂ ಹೊತ್ತಿತ್ತು.